ಹಿನ್ನೆಲೆಯ ವೃತ್ತ

ಐದನೆಯ ಸಾಲಿಗೆ ಬಂದು ಅಕ್ಕನ ದನಿ ನಿಂತಾಗ ಅವನು ಹೊರಬಾಗಿಲ ಬಳಿ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ ನಿಂತಿದ್ದ. ಒಳಕೋಣೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಕ್ಕ ಬೆಳಗಿನ ಪದ್ಯ ಹೇಳುತ್ತಿದ್ದಳು. ಅವನಿಗೆ ಬುದ್ಧಿ ತಿಳಿದಾಗಿನಿಂದ ಅವಳು ಹೇಳುತ್ತ ಬಂದ ಪದ್ಯ. ತಲೆ ಬಾಚಿಕೊಳ್ಳುತ್ತ ಹೇಳುತ್ತಿದ್ದಳು, ಪಾತ್ರೆ ಒರೆಸುತ್ತ ಹೇಳುತ್ತಿದ್ದಳು, ತಾಯಿ ಇಲ್ಲದ ತಮ್ಮನಿಗೆ ಅಂಗಿಯ ಗುಂಡಿ ಹಾಕುತ್ತ ಹೇಳುತ್ತಿದ್ದಳು. ಅವನು ಮೊಣಕಾಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದ.

ಹಡಗ ನಡೆಸುವ ಗಾಳಿಯಂದದಿ
ಒಡಲ ನಡೆಸುವ ಕಾಣದೊಡೆಯನೆ
ಬಿಡದೆ ಕಾಯೈ ದಡವ ಕಾಣದ ನಡುಗಡಲಿನೆನ್ನನು
ಎಡವಿದಡಿಯನು ಮುಂದಕಿಡಿಸುತ
ಕೆಡುವ ಬೆಳಕನು ಕಣ್ಣೊಳಿರಿಸುತ

ಅಲ್ಲಿಗೆ ನಿಂತಿತು. ಉಸಿರೆಳೆದುಕೊಳ್ಳುತ್ತಿದ್ದಾಳೆ ಎಂದುಕೊಂಡ. ಕಾದ. ಆರನೆಯ ಸಾಲು ಅವನ ಗಂಟಲಿನಲ್ಲೇ ಇತ್ತು, ಆದರೆ ಅವನು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಶಾಲೆಯಲ್ಲಿ ಒಮ್ಮೆ ಹೇಳಲು ನಿಲ್ಲಿಸಿದ್ದರು. ದನಿ ಒಡೆದು ತಗಡಿನ ಮೇಲೆ ಕಲ್ಲೆಳೆದ ಹಾಗಾಗಿ, ಹಿಂದಿನ ಬೆಂಚಿನಿಂದ ಹೊರಟ ನಗೆ ಮೇಷ್ಟ್ರ ಮುಖಕ್ಕೂ ಬಂದು ಮುಟ್ಟಿತ್ತು. ಸಂಜೆ ಅಕ್ಕ ಅವನ ತಲೆ ಸವರಿ, ‘ನೀನು ಕೇಳೋಕೆ ಹುಟ್ಟಿದವನು ಪುಟ್ಟಾ, ಕೇಳೋರೂ ಬೇಕಲ್ಲ ದೇವರಿಗೆ’ ಎಂದಿದ್ದಳು. ಅಂದಿನಿಂದ ಕೇಳುತ್ತ ಬಂದಿದ್ದ. ಈಗ ಅಡುಗೆಮನೆಯಲ್ಲಿ ನಲ್ಲಿಯ ಸದ್ದು ಥಟ್ಟನೆ ನಿಂತಿತು. ಹೆಂಡತಿಯೂ ಕೇಳುತ್ತಿದ್ದಾಳೆ ಎಂದಾಯಿತು. ಅಕ್ಕ ಐದನೆಯ ಸಾಲನ್ನೇ ಇನ್ನೊಮ್ಮೆ ಹೇಳಿದಳು, ತೆರೆಯದ ಬೀಗದಲ್ಲಿ ಕೀಲಿಯನ್ನು ಮತ್ತೊಮ್ಮೆ ತಿರುಗಿಸಿ ನೋಡುವವರ ಹಾಗೆ. ಮತ್ತೆ ನಿಂತಳು. ಅವನು ಎರಡನೆಯ ಬೂಟಿನೊಳಗೆ ಕಾಲು ತುರುಕಿದ.

‘ಕೇಳಿಸ್ತಾ?’ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

‘ಹೊಸ ಮಾತ್ರೆ. ಮಂಪರು ಬರುತ್ತೆ ಅಂತ ಡಾಕ್ಟರೇ ಹೇಳಿದ್ದರಲ್ಲ.’

‘ಅದು ನೆಗಡಿ ಮಾತ್ರೆ ರೀ. ನಿಲ್ಲಿಸಿ ಎಷ್ಟು ದಿನ ಆಯ್ತು.’

‘ಹಾಗಾದ್ರೆ ನಿದ್ದೆ ಸರಿಯಾಗಿಲ್ಲ.’

‘ನನಗಿಂತ ಚೆನ್ನಾಗಿ ನಿದ್ದೆ ಮಾಡ್ತಾರೆ.’ ಅವಳು ದನಿ ತಗ್ಗಿಸಿದಳು. ‘ತಲೆ ಸ್ಕ್ಯಾನ್ ಮಾಡಿಸೋಣ ಅಂತ ಹೇಳಿ ಹೇಳಿ ನನಗೇ ಬೇಜಾರಾಗಿದೆ. ನೀವೇ ಫೋನ್ ಮಾಡಿ ದಿನ ಗೊತ್ತು ಮಾಡಿ. ನೀವು ಕರೆದರೆ ಮಾತ್ರ ಅವರು ಬರೋದು.’

‘ಇವತ್ತು ಮೀಟಿಂಗ್ ಇದೆ ಕಣೆ.’

‘ನಿಮ್ಮ ಮೋಡ ಎಲ್ಲೂ ಓಡಿಹೋಗಲ್ಲ.’

‘ಓಡಿಹೋಗುತ್ತೆ. ಅದೇ ಕಷ್ಟ ಅದರದ್ದು’ ಎಂದು ಬಾಗಿಲೆಳೆದುಕೊಂಡ. ಎಳೆದುಕೊಂಡ ಮೇಲೆ, ಅಕ್ಕನಿಗೆ ಹೋಗಿಬರುತ್ತೇನೆ ಎಂದು ಹೇಳಲಿಲ್ಲವಲ್ಲ ಎನ್ನಿಸಿತು. ಹೇಳದಿದ್ದದ್ದು ಮರೆತಲ್ಲ, ಆ ಕುರ್ಚಿಯ ಮುಂದೆ ಹೋಗಿ ನಿಂತರೆ ಅವಳು ಅವನ ಮುಖದಲ್ಲಿ ಆರನೆಯ ಸಾಲನ್ನು ಹುಡುಕುತ್ತಾಳೆ ಎಂಬ ಭಯಕ್ಕೆ, ಎಂದು ಮೆಟ್ಟಿಲಿಳಿಯುವಾಗ ತಿಳಿಯಿತು. ತಿಳಿದ ಮೇಲೂ ಇಳಿಯುತ್ತಲೇ ಇದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನವನ ಕುತ್ತಿಗೆಯ ಮೇಲೆ ಕ್ಷೌರದವನು ಬಿಟ್ಟುಹೋದ ಒಂದು ಎಳೆ ಕೂದಲು ಅಂಟಿಕೊಂಡಿತ್ತು, ಅದನ್ನೇ ನೋಡುತ್ತ ಕೂತ. ಸಂಸ್ಥೆಯಲ್ಲಿ ಅವನಿಗೆ ಮೋಡಪ್ಪ ಎಂದು ಹೆಸರು. ಕೆಲವರು ಎದುರಿಗೇ ಹಾಗೆ ಕರೆಯುತ್ತಿದ್ದರು, ನಿರ್ದೇಶಕರಂತೂ ಹೊರಗಿನಿಂದ ಬಂದವರಿಗೆ ಪರಿಚಯ ಮಾಡಿಸುವಾಗಲೂ ಹಾಗೆಯೇ. ಅವನು ನೋಡುತ್ತಿದ್ದದ್ದು ಬಹುದೂರದ ಒಂದು ಗ್ಯಾಲಕ್ಸಿಯನ್ನು. ಅದರ ನಟ್ಟನಡುವೆ ಕೋಟಿ ಸೂರ್ಯರ ತೂಕದ ಕಪ್ಪುಕುಳಿ. ಕುಳಿಯ ಸುತ್ತ ಸುಳಿಯಾಗಿ ಒಳಗಿಳಿಯುವ ಅನಿಲ. ಕುಳಿಯ ಬಾಯಿಯ ಹತ್ತಿರ ನೆನೆಸಲಾಗದಷ್ಟು ಬಿಸಿಯಾದ ಒಂದು ಚಿಕ್ಕ ಜಾಗ. ಎಕ್ಸ್-ರೇ ಹೊರಡುವುದು ಅಲ್ಲಿಂದ. ಅವನ ಜೊತೆಯವರು ಅದನ್ನು ಒಲೆ ಎನ್ನುತ್ತಿದ್ದರು. ಆ ಒಲೆ ಒಂದೇ ಸಮ ಉರಿಯುವುದಿಲ್ಲ. ಬೆಳಿಗ್ಗೆ ಇದ್ದ ಹಾಗೆ ಸಂಜೆ ಇರುವುದಿಲ್ಲ. ಒಂದು ಇಡೀ ಗ್ಯಾಲಕ್ಸಿಯ ನಡುಮನೆಯ ಬೆಳಕು ಗಾಳಿಗೆ ಸಿಕ್ಕ ದೀಪದ ಕುಡಿಯ ಹಾಗೆ ಆಡುತ್ತದೆ. ಯಾಕೆ ಆಡುತ್ತದೆ ಎಂದು ಕೇಳುವುದೇ ಅವನ ಹೊಟ್ಟೆಪಾಡು. ಒಲೆಗೆ ಬೀಳುವ ಸೌದೆ ಹೆಚ್ಚುಕಡಿಮೆಯಾಗಿ ಒಲೆಯೇ ಏರಿಳಿಯುತ್ತಿರಬಹುದು. ಇಲ್ಲವೆ ಒಲೆ ಹಾಗೆಯೇ ಉರಿಯುತ್ತಿದ್ದು, ಅದಕ್ಕೂ ನಮಗೂ ನಡುವೆ ಅನಿಲದ ಮುದ್ದೆಯೊಂದು ಹಾದುಹೋಗುತ್ತಿರಬಹುದು. ಬಹಳ ಹಿಂದೆ ಅಂಥ ಒಂದು ಮೋಡವನ್ನು, ಎಲ್ಲರೂ ಒಪ್ಪುವ ಹಾಗೆ, ಅವನು ಹಿಡಿದು ತೋರಿಸಿದ್ದ. ಪತ್ತೆ ಹಚ್ಚುವುದು ಕಷ್ಟವೇನಲ್ಲ. ಎಕ್ಸ್-ರೇಗಳಲ್ಲಿ ಮೆದು ಇವೆ, ಗಡುಸು ಇವೆ. ಮೋಡ ಅಡ್ಡ ಬಂದರೆ ಮೆದುವಾದವು ಅದರಲ್ಲೇ ಇಂಗಿಹೋಗುತ್ತವೆ, ಗಡುಸಾದವು ತೂರಿಕೊಂಡು ಬರುತ್ತವೆ. ಒಲೆಯೇ ಮಂದವಾದರೆ ಎರಡೂ ಜೊತೆಜೊತೆಗೆ ಇಳಿಯುತ್ತವೆ. ಮೋಡವಾದರೆ ಕಾಯಬೇಕು, ಸರಿದುಹೋಗುತ್ತದೆ. ಒಳಗಿನ ಬೆಂಕಿಗೆ ಏನೂ ಆಗಿಲ್ಲ. ಆ ಕೊನೆಯ ಮಾತನ್ನು ಅವನು ಭಾಷಣಗಳಲ್ಲಿ ಹೇಳುವಾಗ ದನಿಯಲ್ಲಿ ಏನೋ ಒಂದು ಬಗೆಯ ಭಕ್ತಿ ಇಣುಕುತ್ತದೆ ಎಂದು ಹೆಂಡತಿ ಒಮ್ಮೆ ತಮಾಷೆ ಮಾಡಿದ್ದಳು.

ಅಕ್ಕನ ಮೇಲೂ ಈ ಪರೀಕ್ಷೆಯನ್ನು ತಾನು ಯಾವಾಗಿನಿಂದಲೋ ನಡೆಸುತ್ತ ಬಂದಿದ್ದೇನೆ ಎಂಬುದು ಬಸ್ಸು ತಿರುವಿನಲ್ಲಿ ವಾಲಿದಾಗ ಹೊಳೆದು ಅವನು ಮುಂದಿನ ಕಂಬಿಯನ್ನು ಹಿಡಿದುಕೊಂಡ. ಅವಳಲ್ಲಿ ಹೋಗಿದ್ದದ್ದು ಮೆದುವಾದವು: ಬೆಳಿಗ್ಗೆ ತಿಂದದ್ದು, ಎದುರುಮನೆಯಾಕೆಯ ಹೆಸರು, ಕನ್ನಡಕ ಇಟ್ಟ ಜಾಗ. ಗಡುಸಾದವು, ಹಳೆಯವು, ಅಂದರೆ ಪದ್ಯಗಳು, ಒಂದಕ್ಷರ ಜಾರದೆ ಇದ್ದವು. ಅದಕ್ಕೇ ಅವನು ಹೆಂಡತಿಗೆ ಅಷ್ಟು ಧೈರ್ಯವಾಗಿ ಉತ್ತರ ಕೊಡುತ್ತ ಬಂದದ್ದು. ಮಾತ್ರೆ, ನಿದ್ದೆ, ಸೆಕೆ, ಹೊಸ ಮನೆ, ಹೊಸ ಕನ್ನಡಕ. ಪ್ರತಿಯೊಂದನ್ನೂ ಕಳೆದರೆ ಉಳಿಯುವುದು ಅಕ್ಕನೇ, ಯಾವ ಅಕ್ಕನೋ ಅದೇ ಅಕ್ಕ. ಈ ಬೆಳಿಗ್ಗೆ ನಿಂತದ್ದು ಪದ್ಯ. ಅವನ ನಿಲ್ದಾಣ ಬಂತು. ಇಳಿಯುವ ಗಡಿಬಿಡಿಯಲ್ಲಿ ಯಾರದೋ ಕಾಲು ತುಳಿದು, ‘ಕಣ್ಣು ಕಾಣ್ಸಲ್ವೇನ್ರಿ?’ ಎನ್ನಿಸಿಕೊಂಡ.

ಕೋಣೆಯ ಬಾಗಿಲಿಗೆ ಯಾರೋ ಕಾಗದದಲ್ಲಿ ಮೋಡದ ಚಿತ್ರ ಬರೆದು ಅಂಟಿಸಿದ್ದರು, ಕೆಳಗೆ ‘ಸುಸ್ವಾಗತ’. ಹಿಂದಿನ ದಿನವೇ ಅವನು ಎಲ್ಲರಿಗೂ ತಿಳಿಸಿಬಿಟ್ಟಿದ್ದ. ಗ್ಯಾಲಕ್ಸಿಯನ್ನು ಆಗಾಗ ಇಣುಕಿ ನೋಡುವ ಚಿಕ್ಕ ಉಪಗ್ರಹ ಕಳಿಸಿದ ಹೊಸ ನೋಟದಲ್ಲಿ ಬೆಳಕು ಕುಸಿದಿತ್ತು. ಮೆದು ಎಕ್ಸ್-ರೇ ಹೆಚ್ಚು ಕುಸಿದಿತ್ತು, ಗಡುಸು ಕಡಿಮೆ. ಮೋಡ ಬಂದಿದೆ, ಎಂದು ಎರಡೇ ಪದ ಬರೆದಿದ್ದ. ಇವತ್ತು ಊಟವಾದ ಮೇಲೆ ಕೂತು, ಅವನು ಹ್ಞೂಂ ಎಂದರೆ, ದೊಡ್ಡ ದೂರದರ್ಶಕವನ್ನು ಅತ್ತ ತಿರುಗಿಸುವಂತೆ ನಿರ್ದೇಶಕರು ಕೇಳುವುದು. ಹಾಗೆ ನಡುವೆ ನುಗ್ಗುವ ಹಕ್ಕನ್ನು ಅವನ ಗುಂಪು ಮೊದಲೇ ಬರೆದು ಪಡೆದುಕೊಂಡಿತ್ತು, ಆದರೆ ಒಂದೇ ಷರತ್ತಿನ ಮೇಲೆ: ಮೋಡವಾಗಿದ್ದರೆ ಮಾತ್ರ. ಮತ್ತು ನುಗ್ಗಿದರೆ ಬೇರೆ ಯಾರದೋ ಸರದಿ ಹೋಗುತ್ತದೆ. ಈ ಸಲ ಹೋಗುವುದು ಪಕ್ಕದ ಕೋಣೆಯವಳದು. ಅವಳು ಸಿಡಿದುಹೋದ ನಕ್ಷತ್ರಗಳ ಅವಶೇಷ ನೋಡುವವಳು, ಹಾಗಾಗಿ ಕೆಂಡದಮ್ಮ. ಮೋಡಪ್ಪ ಕೆಂಡದಮ್ಮ ಎಂದು ಜೋಡಿಸಿ ಕ್ಯಾಂಟೀನಿನಲ್ಲಿ ಏನೇನೋ ಹಾಸ್ಯಗಳಿದ್ದವು. ಇಬ್ಬರೂ ಕೇಳಿಸದವರ ಹಾಗೆ ಇದ್ದು ಒಟ್ಟಿಗೆ ಮುದುಕರಾಗಿದ್ದರು.

ಮೀಟಿಂಗಿಗೆ ತೋರಿಸಲು ಚಿತ್ರವನ್ನು ದೊಡ್ಡದು ಮಾಡಿದಾಗ ಅದು ಕಂಡಿತು. ಆಕಾಶ ಎಲ್ಲಿಯೂ ಪೂರ್ತಿ ಕತ್ತಲಲ್ಲ. ಏನೂ ಇಲ್ಲದ ಕಡೆಯೂ ಒಂದಿಷ್ಟು ಮಸುಕು ಬೆಳಕು ಹರಡಿಕೊಂಡಿರುತ್ತದೆ. ಅದಕ್ಕೇ ಗ್ಯಾಲಕ್ಸಿಯ ಮೇಲೊಂದು ವೃತ್ತ ಎಳೆದು ಅದರೊಳಗಿನ ಬೆಳಕನ್ನು ಎಣಿಸಿ, ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ವೃತ್ತ ಎಳೆದು, ಈ ಹಿನ್ನೆಲೆಯನ್ನು ಅದರಿಂದ ಕಳೆಯುತ್ತಾರೆ. ಉಳಿದದ್ದು ಗ್ಯಾಲಕ್ಸಿಯ ಸ್ವಂತ ಬೆಳಕು. ಬೇರೆಯವರು ಈ ವೃತ್ತವನ್ನು ಯಂತ್ರಕ್ಕೆ ಬಿಡುತ್ತಿದ್ದರು. ಅವನು ಕೈಯಲ್ಲೇ ಎಳೆಯುತ್ತಿದ್ದ. ಖಾಲಿ ಎಂದರೆ ಯಾವುದು ಎಂದು ಯಂತ್ರಕ್ಕೇನು ಗೊತ್ತು ಎನ್ನುತ್ತಿದ್ದ. ಈ ಸಲ ಉಪಗ್ರಹ ಬೇರೆ ಕೋನಕ್ಕೆ ಹೊರಳಿಕೊಂಡಿದ್ದರಿಂದ ಅವನ ಎಂದಿನ ಜಾಗ ಚಿತ್ರದ ಅಂಚಿನಾಚೆ ಬಿದ್ದಿತ್ತು, ವೃತ್ತವನ್ನು ಸ್ವಲ್ಪ ಸರಿಸಿ ಎಳೆದಿದ್ದ. ಸರಿಸಿದ ವೃತ್ತದೊಳಗೆ, ಎಡಕ್ಕೆ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳ ಒಂದು ಗುಂಪು ಇತ್ತು. ಅಲ್ಲಿ ಏನಿದೆ ಎಂದು ಹುಡುಕಿದ. ಪುಟ್ಟ ಕೆಂಪು ನಕ್ಷತ್ರ. ನಮ್ಮ ನೆರೆಯದ್ದೇ, ಇದ್ದೂ ಇಲ್ಲದ ಹಾಗಿರುವಂಥದ್ದು. ಅಂಥವು ಯಾವಾಗಲೋ ಒಮ್ಮೆ ಕೆಮ್ಮುತ್ತವೆ, ಕೆಮ್ಮಿದಾಗ ಉಗುಳುವುದು ಮೆದು ಎಕ್ಸ್-ರೇಗಳನ್ನು.

ಅಂದರೆ ಅವನು ಖಾಲಿ ಆಕಾಶವೆಂದು ನಂಬಿ ಗ್ಯಾಲಕ್ಸಿಯಿಂದ ಕಳೆದದ್ದು ಆ ನಕ್ಷತ್ರದ ಕೆಮ್ಮನ್ನು. ಮೆದು ಬೆಳಕನ್ನು ಯಾವ ಮೋಡವೂ ತಡೆದಿರಲಿಲ್ಲ, ಅವನೇ ತೆಗೆದುಹಾಕಿದ್ದ. ವೃತ್ತವನ್ನು ಇನ್ನೊಂದು ಪಕ್ಕಕ್ಕೆ ಸರಿಸಿ ಮತ್ತೆ ಲೆಕ್ಕ ಹಾಕಿದ. ಪರದೆಯ ಮೇಲೆ ಮೆದು ಬೆಳಕಿನ ಗೆರೆ ಮೇಲೆ ಬಂದು ಗಡುಸು ಬೆಳಕಿನ ಗೆರೆಯ ಪಕ್ಕದಲ್ಲಿ ನಿಂತಿತು. ಎರಡೂ ಕೆಳಗೇ ಇದ್ದವು, ಹಿಂದೆಂದೂ ಇರದಷ್ಟು ಕೆಳಗೆ, ಆದರೆ ಒಟ್ಟಿಗೆ. ಮೋಡ ಇರಲಿಲ್ಲ. ಒಲೆಯೇ ಇಳಿಯುತ್ತಿತ್ತು. ವೃತ್ತವನ್ನು ನಿನ್ನೆ ಎಳೆದಿದ್ದ ಜಾಗಕ್ಕೆ ತಂದ: ಮೋಡ ಬಂತು. ಸರಿಸಿದ: ಹೋಯಿತು. ತಂದ. ಮೌಸ್ ಹಿಡಿದ ಕೈ ತನ್ನದಲ್ಲ ಎನ್ನಿಸಿತು. ಈ ವೃತ್ತವನ್ನು ಎಳೆದದ್ದು ನಿನ್ನೆ ಸಂಜೆ, ಮನೆಯಲ್ಲಿ, ಊಟದ ಮೇಜಿನ ಮೇಲೆ. ಅಕ್ಕ ಪಕ್ಕದಲ್ಲಿ ಕೂತು, ‘ಅದೇನೋ ಅದು ಚುಕ್ಕಿ ಚುಕ್ಕಿ?’ ಎಂದು ಕೇಳಿದ್ದಳು. ‘ಏನಿಲ್ಲ ಅಕ್ಕಾ, ಖಾಲಿ ಆಕಾಶ’ ಎಂದಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ, ‘ಅದೇನೋ ಚುಕ್ಕಿ?’ ಮೂರನೆಯ ಸಲ ಕೇಳಿದಾಗ ಅವನು ಲ್ಯಾಪ್‌ಟಾಪನ್ನು ಅವಳಿಗೆ ಕಾಣದ ಹಾಗೆ ತಿರುಗಿಸಿಕೊಂಡಿದ್ದ. ಹಾಗಾದರೆ ಚುಕ್ಕಿಗಳು ಆಗಲೇ ಕಂಡಿದ್ದವು. ತನಗೆ ಕಂಡಿರಲಿಲ್ಲವೆ? ಆ ಹೊತ್ತಿಗೆ ಕಣ್ಣು ಅಕ್ಕನ ಮೇಲಿತ್ತು, ಮನಸ್ಸು ರೇಗಿತ್ತು, ಇದೆಲ್ಲ ನಿಜ. ಇಷ್ಟನ್ನೂ ಕಳೆದರೆ ಉಳಿಯುವುದೇನು? ಕೈಗೆ ಗೊತ್ತಿತ್ತೇ? ಸುತ್ತ ಅಷ್ಟು ಖಾಲಿ ಜಾಗವಿದ್ದರೂ ಕೈ ಅಲ್ಲಿಗೇ ಯಾಕೆ ಹೋಯಿತು?

ಫೋನು ನಡುಗಿತು. ಹೆಂಡತಿ.

‘ಅಕ್ಕ ಹೊರಗೆ ಹೋಗಿದ್ರು. ಕೆಳಗಿನ ಮನೆ ಬಾಗಿಲು ತಟ್ಟಿ, ನಮ್ಮ ಮನೆ ಯಾವುದು ಅಂತ ಕೇಳಿದ್ರಂತೆ. ಅವರೇ ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು.’

‘ಎಲ್ಲ ಬಾಗಿಲೂ ಒಂದೇ ಥರ ಇದಾವಲ್ಲ. ನಾನೂ ಒಂದು ಸಲ ಕೆಳಗಿನವರ ಬೀಗಕ್ಕೆ ಕೀಲಿ ಹಾಕಿದ್ದೆ.’

‘ಇದಕ್ಕೂ ಒಂದು ಸಿಕ್ತಲ್ಲ ನಿಮಗೆ’ ಎಂದಳು ಹೆಂಡತಿ, ಜಗಳದ ದನಿಯೇ ಇಲ್ಲದೆ, ಮತ್ತು ಫೋನ್ ಇಟ್ಟಳು. ಜಗಳವಾಡಿದ್ದರೆ ಅವನಿಗೆ ಅನುಕೂಲವಿತ್ತು.

ಬಾಗಿಲು ತಟ್ಟಿದ್ದು ಕೆಂಡದಮ್ಮ. ತಟ್ಟಿ ಒಳಗೆ ಬರುವುದು ಅವಳ ಪದ್ಧತಿಯಲ್ಲ. ತಟ್ಟಿದ್ದೇ ಅವನಿಗೆ ಚುಚ್ಚಿತು. ಅವನ ಬೆರಳು ತಾನಾಗಿ ಚಿತ್ರವನ್ನು ಚಿಕ್ಕದು ಮಾಡಿತು. ಅವಳು ಬಾಗಿಲ ಮೇಲಿನ ಕಾಗದದ ಮೋಡವನ್ನು ನೆಟ್ಟಗೆ ಮಾಡಿ, ಕುರ್ಚಿಯ ಅಂಚಿನಲ್ಲಿ ಕೂತಳು.

‘ಏನ್ ಮೋಡಪ್ಪನವರೇ, ಹೊತ್ತಿಲ್ಲದ ಹೊತ್ತಲ್ಲಿ ಬಂದ್ಬಿಟ್ರಲ್ಲ ನಿಮ್ಮವರು.’

‘ಇನ್ನೂ ಗೊತ್ತಾಗಬೇಕು’ ಎಂದ.

‘ಗೊತ್ತಾಗೋದೇನು. ನಿನ್ನೆನೇ ಊರಿಗೆಲ್ಲ ಸಾರಿದೀರಿ.’ ನಕ್ಕಳು. ‘ನಾನು ಜಗಳಕ್ಕೆ ಬಂದಿಲ್ಲ. ನಿಮ್ಮದು ಇವತ್ತಿದ್ದು ನಾಳೆ ಹೋಗೋದು, ನನ್ನ ಕೆಂಡ ಎಲ್ಲಿಗೆ ಹೋಗುತ್ತೆ. ಇನ್ನೊಂದು ವಾರಕ್ಕೆ ಅದು ಸೂರ್ಯನ ಮಗ್ಗುಲಿಗೆ ಹೋಗುತ್ತೆ ಅಷ್ಟೆ. ಮುಂದಿನ ವರ್ಷ ಈಚೆಗೆ ಬರುತ್ತೆ. ಆಗ ಯಾರಾದ್ರೂ ನೋಡ್ತಾರೆ.’

‘ನೀವು?’

‘ನನ್ನ ಕುರ್ಚಿಗೆ ಬರೋರಿಗೆ ಹೊಸ ದಿಂಬು ಆರಿಸಿ ಆಗಿದೆಯಂತೆ, ಆಫೀಸಿನೋರು ಹೇಳಿದ್ರು.’ ಅವಳು ಎದ್ದಳು. ‘ನಿವೃತ್ತಿ ಅಂದ್ರೆ ಕೇಳೋಕೆ ಚೆಂದ, ಕಾಣೋಕೆ ಮಾತ್ರ ಹಿಂದಿನ ಬಾಗಿಲು. ಇರಲಿ. ನೀವು ಮೋಡ ಅಂದ ಮೇಲೆ ಮೋಡವೇ. ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ.’

ಅವಳು ಹೋದ ಮೇಲೆ ಅವನು ಆ ಕೈಯನ್ನು ಮೇಜಿನ ಮೇಲೆ ಮಗುಚಿ ನೋಡಿದ. ಯಾರೂ ಕೇಳುವುದಿಲ್ಲ. ಚಿತ್ರವನ್ನು ಅಷ್ಟು ದೊಡ್ಡದು ಮಾಡಿ ಯಾರೂ ನೋಡುವುದಿಲ್ಲ. ದೊಡ್ಡ ದೂರದರ್ಶಕ ತಿರುಗಿದರೆ ಏನಾದರೂ ಕಂಡೇ ಕಾಣುತ್ತದೆ. ಒಲೆ ಇಳಿಯುವುದನ್ನು ಅಷ್ಟು ಹತ್ತಿರದಿಂದ ಯಾರೂ ನೋಡಿಲ್ಲ, ಮೋಡಕ್ಕಿಂತ ಅದೇ ದೊಡ್ಡ ಸಂಗತಿಯಾದೀತು. ಹೋಗಿ ನೋಡಿದೆವು, ಮೋಡ ಅಷ್ಟರಲ್ಲಿ ಸರಿದುಹೋಗಿತ್ತು, ಎಂದರಾಯಿತು. ಮೋಡಗಳ ಗುಣವೇ ಅದು. ಈ ಯೋಚನೆ ಎಷ್ಟು ಸಲೀಸಾಗಿ, ಎಷ್ಟು ಅಚ್ಚುಕಟ್ಟಾಗಿ ಬಂದು ಕೂತಿತೆಂದರೆ, ಇದು ಹೊಸತಲ್ಲ, ಎಷ್ಟೋ ದಿನದಿಂದ ಇಂಥದನ್ನೇ ಮಾಡಿ ಮಾಡಿ ಕೈ ಪಳಗಿದೆ ಎನ್ನಿಸಿತು. ಊಟಕ್ಕೆ ಹೋಗಲಿಲ್ಲ. ಕಿಟಕಿಯಾಚೆ ಕೆಲಸದವರು ಅಂಗಳದ ಒಣಗಿದ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕುತ್ತಿದ್ದರು. ಗಾಳಿ ಬಂದು ಒಂದಿಷ್ಟನ್ನು ಹರಡುತ್ತಿತ್ತು. ದೇವರೇ, ಎಂದ ಒಮ್ಮೆ. ಏನು ಕೇಳಬೇಕೆಂದು ತೋಚದೆ ಅಷ್ಟಕ್ಕೇ ಬಿಟ್ಟ.

ಮೀಟಿಂಗಿನ ಕೋಣೆಯಲ್ಲಿ ಪರದೆ ಇಳಿಬಿಟ್ಟಿದ್ದರು. ನಿರ್ದೇಶಕರು ಮೇಜಿನ ತುದಿಯಲ್ಲಿ, ಫೋನನ್ನು ಮುಂದಿಟ್ಟುಕೊಂಡು, ಹಲ್ಲಿನ ಸಂದಿಯನ್ನು ನಾಲಿಗೆಯಿಂದ ತಡವುತ್ತ ಕೂತಿದ್ದರು. ಕೆಂಡದಮ್ಮ ಗೋಡೆಯ ಪಕ್ಕದಲ್ಲಿ. ಇನ್ನೂ ಕೆಲವರು.

‘ಬನ್ನಿ ಬನ್ನಿ ಮೋಡಪ್ಪನವರೇ. ಬೇಗ ತೋರಿಸಿಬಿಡಿ. ದೂರದರ್ಶಕದವರು ಕಾಯ್ತಾ ಇದಾರೆ, ಒಂದು ಮಾತು ಹೇಳಿದರೆ ತಿರುಗಿಸ್ತಾರಂತೆ.’

ಅವನು ತೋರಿಸಿದ. ಬೆಳಿಗ್ಗೆ ತಾನು ಕಂಡದ್ದನ್ನಲ್ಲ, ನಿನ್ನೆ ಕಳಿಸಿದ್ದನ್ನು. ಯಾವ ಗಳಿಗೆಯಲ್ಲಿ ಹಾಗೆಂದು ನಿಶ್ಚಯಿಸಿದ ಎಂದು ಅವನನ್ನು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬಾಯಿ ತೆರೆದಾಗ ಹಳೆಯ ವಾಕ್ಯಗಳು ಸರಾಗವಾಗಿ ಸಾಲುಗಟ್ಟಿ ಬಂದವು. ಮೆದು ಬೆಳಕು ಇಲ್ಲಿ ಕುಸಿದಿದೆ, ಗಡುಸು ಬೆಳಕು ಅಷ್ಟಾಗಿ ಕುಸಿದಿಲ್ಲ. ತಲೆಗಳು ಆಡಿದವು. ತನ್ನ ದನಿ ಒಡೆಯುತ್ತಿಲ್ಲ ಎಂಬುದನ್ನು ಅವನು ಆಶ್ಚರ್ಯದಿಂದ ಕೇಳಿಸಿಕೊಳ್ಳುತ್ತಿದ್ದ. ಇಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ. ನಿರ್ದೇಶಕರ ಕೈ ಫೋನಿನ ಕಡೆ ಹೊರಟಿತು. ಕೆಂಡದಮ್ಮ ತನ್ನ ಲ್ಯಾಪ್‌ಟಾಪನ್ನು ಮುಚ್ಚಿದಳು. ಮುಚ್ಚಿ, ಮುಚ್ಚಿದ್ದರ ಮೇಲೆ ಎರಡೂ ಅಂಗೈ ಇಟ್ಟುಕೊಂಡು, ಸೋತವರು ಮರ್ಯಾದೆಗೆ ಕೇಳುವಂಥ ಒಂದು ಪ್ರಶ್ನೆ ಕೇಳಿದಳು. ಯಾರಿಗಾದರೂ ಕೇಳುವ ಪ್ರಶ್ನೆ. ಅದರಲ್ಲಿ ಅನುಮಾನದ ಎಳೆಯೂ ಇರಲಿಲ್ಲ.

‘ಹಿನ್ನೆಲೆ ಎಲ್ಲಿಂದ ತಗೊಂಡ್ರಿ?’

‘ಎಂದಿನ’ ಎಂದ ಅವನು.

ಅಲ್ಲಿಗೆ ನಿಂತಿತು. ‘ಜಾಗದಿಂದ’ ಎಂಬ ಒಂದೇ ಪದ ಬಾಕಿ. ಅದು ಗಂಟಲಲ್ಲಿತ್ತು. ಎಲ್ಲರೂ ಕಾದರು. ಉಸಿರೆಳೆದುಕೊಳ್ಳುತ್ತಿದ್ದಾನೆ ಎಂದುಕೊಂಡಿರಬೇಕು. ಯಾರೋ ಕುರ್ಚಿ ಸರಿಸಿದರು, ಯಾರದೋ ಪೆನ್ನಿನ ಗುಂಡಿ ಟಿಕ್ ಎಂದಿತು. ‘ಎಂದಿನ’ ಎಂದ ಇನ್ನೊಮ್ಮೆ, ಮತ್ತು ತನ್ನ ಆ ದನಿಯಲ್ಲಿ ಬೆಳಗಿನ ದನಿಯನ್ನು ಕೇಳಿದ: ತೆರೆಯದ ಬೀಗದಲ್ಲಿ ತಿರುಗುವ ಕೀಲಿ. ಮನೆಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತವಳಿಗೆ ಅದು ಹೀಗೆ ಇರುತ್ತದೆಯೋ ಏನೋ. ಎದುರಿಗೆ ಇಷ್ಟು ಮುಖಗಳು, ಎಲ್ಲವೂ ಒಳ್ಳೆಯ ಮುಖಗಳೇ, ಮುಂದಿನ ಪದಕ್ಕೆ ಕಾಯುತ್ತಿರುವವು, ಮತ್ತು ಅವುಗಳಲ್ಲಿ ಒಂದು, ತಮ್ಮನದು, ಬೂಟು ಹಾಕಿಕೊಂಡು ಬಾಗಿಲೆಳೆದುಕೊಂಡು ಹೋಗುತ್ತಿದೆ.

‘ಅಲ್ಲ. ಎಂದಿನ ಜಾಗ ಅಲ್ಲ’ ಎಂದ.

ನಿರ್ದೇಶಕರ ಕೈ ಫೋನಿನ ಮೇಲೆಯೇ ಇತ್ತು. ‘ಅಂದ್ರೆ?’

ಅವನು ಚಿತ್ರವನ್ನು ದೊಡ್ಡದು ಮಾಡಿದ. ವೃತ್ತದೊಳಗಿನ ಚುಕ್ಕಿಗಳು ಪರದೆಯ ಮೇಲೆ ಹೆಬ್ಬೆರಳಿನಷ್ಟಾದವು. ‘ಇಲ್ಲೊಂದು ನಕ್ಷತ್ರ ಇದೆ. ಕೆಮ್ಮಿದೆ. ಅದನ್ನ ನಾನು ಖಾಲಿ ಅಂತ ಲೆಕ್ಕ ಹಿಡಿದೆ.’ ಎಲ್ಲರೂ ನೋಡುತ್ತಿದ್ದ ಹಾಗೆ ವೃತ್ತವನ್ನು ಸರಿಸಿದ. ಎರಡು ಗೆರೆಗಳೂ ಒಂದರ ಪಕ್ಕ ಒಂದು ಬಂದು ನಿಂತವು. ಯಾರೋ ನಗಲು ಹೊರಟು ಕೆಮ್ಮಿದರು. ‘ಬೆಳಿಗ್ಗೆನೇ ಕಂಡಿತ್ತು. ಈಗ ಹೇಳ್ತಾ ಇದೀನಿ.’

‘ಹಾಗಾದ್ರೆ ಮೋಡ?’

‘ಇಲ್ಲ ಸಾರ್. ಒಲೆನೇ ಆರ್ತಾ ಇದೆ.’

ನಿರ್ದೇಶಕರು ಫೋನನ್ನು ಬೋರಲು ಹಾಕಿದರು. ‘ನೋಡ್ರಪ್ಪಾ, ಮೋಡ ಬಂದರೆ ನುಗ್ತೀವಿ ಅಂತ ನಾವು ಬರೆದುಕೊಟ್ಟಿರೋದು. ಒಲೆ ಆರಿದರೆ ನುಗ್ತೀವಿ ಅಂತ ಬರೆದಿಲ್ಲ.’ ರೇಗುವುದೋ ತಮಾಷೆ ಮಾಡುವುದೋ ಎಂದು ತೂಗಿ ತಮಾಷೆಯನ್ನು ಆರಿಸಿಕೊಂಡರು. ‘ನಿಮಗೆ ಹೊಸ ಹೆಸರು ಹುಡುಕಬೇಕಾಯ್ತಲ್ರೀ.’ ಈಗ ಎಲ್ಲರೂ ನಕ್ಕರು. ಹಿಂದಿನ ಬೆಂಚಿನಿಂದ ಹೊರಟು ಮುಂದಿನವರೆಗೆ ಬಂದು ಮುಟ್ಟುವ ನಗೆ. ಅದು ತನ್ನ ಮೇಲಿಂದ ಹಾದುಹೋಗುವವರೆಗೆ ಅವನು ತಲೆ ತಗ್ಗಿಸದೆ ನಿಂತ. ‘ಕೆಂಡದಮ್ಮ, ನಾಳೆ ನಿಮ್ಮದೇ’ ಎಂದರು ನಿರ್ದೇಶಕರು.

ಹೊರಗೆ ಮೊಗಸಾಲೆಯಲ್ಲಿ ಅವಳು ಹಿಂದಿನಿಂದ ಬಂದು ಜೊತೆಗೆ ನಡೆದಳು. ‘ನಾನು ಸುಮ್ಮನೆ ಕೇಳಿದ್ದು ರೀ.’

‘ಗೊತ್ತು.’

‘ಅದು ಪೂರಾ ಆರಿಹೋದರೆ? ನೀವು ನೋಡೋಕಾಗಲ್ವಲ್ಲ.’

‘ಮತ್ತೆ ಹತ್ತಿಕೊಂಡರೂ ಹತ್ತಿಕೊಳ್ಳಬಹುದು. ಅವು ಹಾಗೇ. ಆಡ್ತಾ ಇರೋದೇ ಜೀವ ಇರೋದರ ಗುರುತು.’ ಹೇಳುತ್ತಿರುವಾಗಲೇ ಇದು ಗ್ಯಾಲಕ್ಸಿಗೆ ಮಾತ್ರ ನಿಜ ಎಂದು ಅವನಿಗೆ ತಿಳಿದಿತ್ತು. ಅವಳು ಅವನ ತೋಳನ್ನು ಒಮ್ಮೆ ಮುಟ್ಟಿ, ತನ್ನ ಕೋಣೆಗೆ ಹೋದಳು. ಅವನು ಅಲ್ಲೇ ಗೋಡೆಗೊರಗಿ ನಿಂತು ಆಸ್ಪತ್ರೆಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ, ‘ಏನು ತೊಂದರೆ ಸಾರ್?’ ಎಂದಳು. ಉದ್ದಕ್ಕೆ ಹೇಳಲು ಹೊರಟವನು, ಮಾತ್ರೆ, ನಿದ್ದೆ, ಬಾಗಿಲುಗಳು ಒಂದೇ ಥರ ಇರುವುದು, ಯಾವುದನ್ನೂ ಹೇಳಲಿಲ್ಲ. ‘ಅಕ್ಕನಿಗೆ ಮರೆತುಹೋಗ್ತಾ ಇದೆ’ ಎಂದ. ಇಷ್ಟು ಚಿಕ್ಕ ವಾಕ್ಯ ಎಂದು ಅವನಿಗೆ ಗೊತ್ತಿರಲಿಲ್ಲ. ನಾಳೆಯೇ ಬನ್ನಿ ಎಂದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಬೂಟು ಬಿಚ್ಚಿಟ್ಟ. ‘ನಾಳೆ ಬೆಳಿಗ್ಗೆ ಹೋಗಬೇಕು, ಹೇಳಿದೀನಿ’ ಎಂದಾಗ ಹೆಂಡತಿ ಅವನ ಮುಖ ನೋಡಿದಳು, ನಾಳೆ ನಿಮ್ಮ ಮೋಡ ಇಲ್ಲವೇ ಎಂದು ಕೇಳಲಿಲ್ಲ. ಅಕ್ಕ ಅದೇ ಕುರ್ಚಿಯಲ್ಲಿದ್ದಳು. ಕಿಟಕಿಯಿಂದ ಬಿದ್ದ ಬೆಳಕು ಅವಳ ಕಿವಿಯ ಅಂಚನ್ನು ಕೆಂಪಾಗಿಸಿತ್ತು. ಅವನು ನೆಲದ ಮೇಲೆ ಕೂತು, ಮೊಣಕಾಲು ಮಡಿಸಿ, ಗದ್ದ ಊರಿದ, ಕೀಲು ಲಟಕ್ಕೆಂದಿತು.

‘ಪದ್ಯ ಹೇಳು ಅಕ್ಕಾ.’

ಅವಳು ತಡಮಾಡದೆ ಶುರುಮಾಡಿದಳು. ಹಡಗು, ಗಾಳಿ, ಕಾಣದ ಒಡೆಯ. ದನಿ ನೆಟ್ಟಗಿತ್ತು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ಇಳಿಸಬೇಕೋ ಅಲ್ಲಿ ಇಳಿಸಿ. ಎಡವಿದ ಅಡಿ ಮುಂದಕ್ಕೆ ಬಂತು. ಕೆಡುವ ಬೆಳಕನು ಕಣ್ಣೊಳಿರಿಸುತ ಎಂದಳು. ನಿಂತಳು. ಕೆಳಗೆ ಬೀದಿಯಲ್ಲಿ ಲಾರಿಯೊಂದು ಹಿಂದಕ್ಕೆ ಬರುವ ಸದ್ದು. ಅದಿರಬಹುದು ಎಂದು ಮನಸ್ಸು ಹೊರಟಿತು. ಅವನು ಅದನ್ನು ಹೋಗಗೊಡಲಿಲ್ಲ. ಲಾರಿ ಹೋಯಿತು. ಅಕ್ಕ ಅವನ ಕಡೆ ತಿರುಗಿದಳು. ಅವಳ ಮುಖಕ್ಕೂ ಅವನಿಗೂ ನಡುವೆ ಏನೂ ಇರಲಿಲ್ಲ.

ಅವನು ಬಾಯಿ ತೆರೆದ. ದನಿ ಮೊದಲ ಅಕ್ಷರದಲ್ಲೇ ಒಡೆಯಿತು, ಅದೇ ತಗಡು, ಅದೇ ಕಲ್ಲು. ಒಡೆದ ದನಿಯಲ್ಲೇ ಹೇಳಿದ:

ನುಡಿಯು ಮುಗಿದೆಡೆ ನೀನೆ ನುಡಿಯೈ ಮಿಕ್ಕ ಮಾತುಗಳ

ಅಕ್ಕ ತಲೆಯನ್ನು ಒಂದಿಷ್ಟು ವಾಲಿಸಿ, ಗದ್ದಕ್ಕೆ ಕೈಯಿಟ್ಟು, ಕೊನೆಯ ಅಕ್ಷರದವರೆಗೂ ಕೇಳಿದಳು. ಕೇಳುವುದು ಹೇಗೆಂದು ಅವಳಿಗೆ ಗೊತ್ತಿತ್ತು.

‘ಚೆನ್ನಾಗಿದೆ’ ಎಂದಳು. ‘ಕೊನೇಲಿ ಅಷ್ಟು ಅವಸರ ಮಾಡಬಾರದು. ಯಾರು ಕಲಿಸಿದ್ದು?’

ಬಾಗಿಲಲ್ಲಿ ಹೆಂಡತಿ ಒದ್ದೆ ಕೈಯಲ್ಲೇ ನಿಂತಿದ್ದಳು.

‘ನಮ್ಮಕ್ಕ’ ಎಂದ.

‘ಒಳ್ಳೇದು’ ಎಂದು ಅಕ್ಕ ಸೆರಗು ಸರಿಮಾಡಿಕೊಂಡಳು. ‘ಇದಾರಾ ಅವರು?’

ಅವನು ಕುರ್ಚಿಯ ಕೈ ಮೇಲಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡ. ಅವು ಬೆಚ್ಚಗಿದ್ದವು.

‘ಇದಾಳೆ’ ಎಂದ.